ಹಂದಿ ಬೀಳದ ಕೋವಿ

“ಇದ್ರಲ್ಲಿ ಹಂದಿ ಬೀಳುತ್ತಾ ಸಾರ್?”

ಶಿವಮೊಗ್ಗದ ಕೋವಿ ಅಂಗಡಿಯ ಹುಡುಗ ಬೋಲ್ಟ್ ಎಳೆದು, ನಳಿಗೆಯೊಳಗೆ ಇಣುಕುತ್ತಾ ಕೇಳಿದ. ತಮ್ಮ ಹಳೆಯ ಕೋವಿಯನ್ನು ಅಂಗಡಿಗೆ ಒಪ್ಪಿಸಲು ಬಂದಿದ್ದ ನಮ್ಮ ಮೇಷ್ಟ್ರು ಗಲ್ಲಾದ ಮೇಲೆ ಕೈಯೂರಿ ನಿಂತಿದ್ದರು. “ಹಂದಿಗಲ್ಲ ಮಾರಾಯ, ಹುಡುಗರಿಗೆ ಉಸಿರು ಹಿಡಿಯೋದು ಕಲಿಸೋಕೆ” ಅಂದರು. ಹುಡುಗ ನಕ್ಕುಬಿಟ್ಟ. ಸೋಮವಾರದಿಂದ ಆ ನಗು ನನ್ನನ್ನು ಬಿಟ್ಟಿಲ್ಲ.

ಲೈಸೆನ್ಸ್ ನವೀಕರಣಕ್ಕೆ ಓಡಾಡುವ ಕಸುವು ಮೇಷ್ಟ್ರಲ್ಲಿ ಉಳಿದಿಲ್ಲ. ಬೆಂಗಳೂರಿನ ಮಗನಿಗೆ ಮನೆಯಲ್ಲಿ ಕೋವಿ ಇರುವುದೇ ಬೇಡ. ಒಳ್ಳೆಯವನೇ, ಅಪ್ಪನ ಔಷಧಿ, ಡಾಕ್ಟರು ಎಲ್ಲ ತಪ್ಪದೆ ನೋಡಿಕೊಳ್ಳುತ್ತಾನೆ. ಆದರೆ ಅಪ್ಪ ಜೀವಮಾನವಿಡೀ ಯಾವುದನ್ನು ಒರೆಸಿ ಎಣ್ಣೆ ಹಚ್ಚಿ ಕಾಪಾಡಿದರೋ ಅದರ ಬಗ್ಗೆ ಅವನು ಒಂದು ಮಾತು ಕೇಳಿದ್ದನ್ನು ನಾನು ಕಾಣೆ.

ಪಾಯಿಂಟ್ ಟೂ ಟೂ, ಅಂದರೆ ನಳಿಗೆಯ ಒಳ ಅಗಲ 0.22 ಇಂಚಿನ ತರಬೇತಿ ರೈಫಲ್ ಅದು, ಮಾದರಿ ನಂಬರ್ 2 ಮಾರ್ಕ್ 4. ಕೊಪ್ಪದ ಕಡೆಯ ಕಾಫಿ ಎಸ್ಟೇಟಿನವರೊಬ್ಬರಿಂದ ಮೇಷ್ಟ್ರು ಕೊಂಡಿದ್ದು. ನೋಡಲು ಥೇಟು ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳ ತ್ರೀ ನಾಟ್ ತ್ರೀ ರೈಫಲ್. ಬಟ್ಟಿನ ಬುಡದ ಉಕ್ಕಿನ ಮೇಲೆ ಕಿರೀಟ, 1917 ಎಂಬ ಇಸವಿ. ಯುದ್ಧದ ಕೋವಿಯಾಗಿ ಹುಟ್ಟಿದ ವರ್ಷ ಅದು. ಆಮೇಲೆ ಅದಕ್ಕೆ ಟೂ ಟೂ ನಳಿಗೆ ಕೂರಿಸಿದ್ದಾರೆ. ದೊಡ್ಡ ತೋಟೆಗೆ ಕೇಪು ತಳದ ನಡುವೆ ಇರುತ್ತದೆ. ಟೂ ಟೂ ತೋಟೆಗೆ ಸಿಡಿಯುವ ಮದ್ದು ಅಂಚಿನ ಸುತ್ತ. ಹಾಗಾಗಿ ಬೋಲ್ಟಿನ ತಲೆ ಬದಲಿಸಿ, ಪಿನ್ನು ಅಂಚಿಗೇ ಬಡಿಯುವಂತೆ ಮಾಡಿದ್ದಾರೆ. ಮ್ಯಾಗಜಿನ್ ಪೆಟ್ಟಿಗೆ ಹಾಗೇ ಇದೆ, ಒಳಗಿನ ಸ್ಪ್ರಿಂಗ್ ಇಲ್ಲ. ತೋಟೆಯನ್ನು ಒಂದೊಂದೇ ಕೈಯಲ್ಲಿ ಹಾಕಬೇಕು. ಹೊಡೆದ ಮೇಲೆ ಖಾಲಿ ಕೊಳವೆ ಆ ಪೆಟ್ಟಿಗೆಯೊಳಗೇ ಬೀಳುತ್ತದೆ. ಎಷ್ಟು ಚೆಂದದ ಯೋಚನೆ! ಗುಂಡು 2.6 ಗ್ರಾಂ, ತ್ರೀ ನಾಟ್ ತ್ರೀಯದ್ದು 11 ಗ್ರಾಂ ದಾಟುತ್ತದೆ. ಹೆಗಲಿಗೆ ಬೀಳುವ ಭಾರ ಮಾತ್ರ ಸುಮಾರು 4 ಕೆ.ಜಿ., ಸಿಪಾಯಿ ಹೊತ್ತಷ್ಟೇ.

ಎನ್‌ಸಿಸಿಯಲ್ಲಿ ಮೇಷ್ಟ್ರು ನಮ್ಮನ್ನು ಮಲಗಿಸಿ ಹೊಡೆಸಿದ್ದೂ ಟೂ ಟೂನಲ್ಲೇ. 25 ಗಜ ದೂರದಲ್ಲಿ ಕಾಗದದ ಗುರಿ. “ಅರ್ಧ ಉಸಿರು ಬಿಡು, ನಿಲ್ಲಿಸು, ಟ್ರಿಗರ್ ಎಳೀಬೇಡ, ಒತ್ತು.” ನನ್ನಂಥ ಗಡಿಬಿಡಿಯ ಹುಡುಗನನ್ನು ಅಷ್ಟು ಹೊತ್ತು ಸುಮ್ಮನೆ ನಿಲ್ಲಿಸಿದವರು ಬೇರೆ ಯಾರೂ ಇಲ್ಲ.

ಇಂಥ ಕೋವಿಗಳ ಹಿಂದೆ ರೈತರಿದ್ದಾರೆ ಎಂದು ಮೇಷ್ಟ್ರೇ ಹೇಳಿದ್ದು. 1899–1902ರ ಯುದ್ಧದಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ರೈತರ ಗುರಿಗೆ ಬ್ರಿಟಿಷರು ತತ್ತರಿಸಿದರು. ಇಂಗ್ಲೆಂಡಿಗೆ ಮರಳಿದ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಬರ್ಟ್ಸ್ ಪೇಟೆಯ ಜನರಿಗೂ ಗುರಿ ಕಲಿಸಬೇಕೆಂದು ಸಣ್ಣ ತೋಟೆಯ ರೈಫಲ್ ಕ್ಲಬ್ಬುಗಳ ಬೆನ್ನಿಗೆ ನಿಂತರು. ಆ ಕಾಲದ ಕ್ಲಬ್ಬುಗಳ ಮಾದರಿಯ ಬಿಎಸ್ಎ ಕಂಪನಿಯ ಮಾರ್ಟಿನಿ ರೈಫಲೊಂದೂ ಮೇಷ್ಟ್ರ ಬಳಿ ಇತ್ತು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಮೂರು ಕೋವಿಯ ಮಿತಿಯನ್ನು ಎರಡಕ್ಕಿಳಿಸಿದಾಗ, ತೋಟಕ್ಕೆ ಬೇಕಾದ ಜೋಡುನಳಿಗೆ ಉಳಿಸಿಕೊಂಡು ಮಾರ್ಟಿನಿಯನ್ನು ಬಿಟ್ಟುಕೊಟ್ಟರು. ಕಾನೂನು ನಳಿಗೆಗಳನ್ನು ಎಣಿಸಲಿ, ಎಣಿಸಬೇಕು. ಆದರೆ ಕಾಡಿನಲ್ಲಿ ಈಡು ಹಾರಿಸುವವನನ್ನೂ ಇವರನ್ನೂ ನಾವು ಒಂದೇ ಕಣ್ಣಲ್ಲಿ ನೋಡುವುದು ಸರಿಯಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಜಗಲಿಗಳಲ್ಲಿ ಅವನು ಕೇಳಿ ಬೆಳೆದಿದ್ದೇ ಅದನ್ನು: ಯಾವ ಕೋವಿಗೆ ಏನು ಬಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಇಷ್ಟು ವರ್ಷವಾದರೂ ಶಿಕಾರಿಯ ಬಡಾಯಿ ನಿಂತಿಲ್ಲ. ಕಲಿಯುವ ಸಾಮಾನಿಗೆ ನಮ್ಮಲ್ಲಿ ಮರ್ಯಾದೆಯೇ ಇಲ್ಲ. ಕಛೇರಿಯ ವೀಣೆಗೆ ಪೂಜೆ, ಮಗು ಸರಳೆ ನುಡಿಸಿದ ವೀಣೆ ಅಟ್ಟಕ್ಕೆ. ಬೆರಳು ಪಳಗಿದ್ದು ಯಾವುದರ ಮೇಲೆ ಎಂದು ಯಾರೂ ಕೇಳುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆ ತೆಗೆದು ನೋಡಿದೆ. 13ನೇ ಸೆಕ್ಷನ್ನಿನಲ್ಲಿ ಪಾಯಿಂಟ್ ಟೂ ಟೂ ರೈಫಲಿನ ಹೆಸರೇ ಇದೆ: ಮಾನ್ಯತೆಯುಳ್ಳ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಲೈಸೆನ್ಸ್ ಪಡೆಯಬಹುದು. ಮೇಷ್ಟ್ರ ಕೋವಿಯನ್ನು ನಾನೇ ತೆಗೆದುಕೊಳ್ಳಬೇಕು: ಮೊದಲು ಕ್ಲಬ್ಬು, ಆಮೇಲೆ ಅರ್ಜಿ. ಅಲ್ಲಿಯವರೆಗೆ ಅದನ್ನು ಯಾರಿಗೂ ಕೊಡಬೇಡಿ ಎಂದು ಅಂಗಡಿಯವರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ನಿನ್ನೆ ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರ್ಜಿಗಿಂತ ಮೊದಲು ಕಣ್ಣು ತೋರಿಸ್ಕೋ. ನಿನ್ನ ವಯಸ್ಸಿಗೆ ನಳಿಗೆ ತುದಿಯ ಗುರಿಮೊನೆ ಮಂಜಾಗ್ತದೆ” ಅಂದರು.