ತೊಕ್ಕೊಟ್ಟಿನಿಂದ ಬ್ರಹ್ಮಾವರಕ್ಕೆ ಲೋಡ್ ಲಾರಿ: ಬೇಸಿಗೆ ಜಾಮ್‌ನಲ್ಲಿ ಇಂಜಿನ್ ಹೀಟ್ ಆದರೆ ಮೊದಲು ಏನು ನೋಡಬೇಕು

ಮೇ ತಿಂಗಳಲ್ಲಿ ಲೋಡ್ ಹಾಕಿಕೊಂಡು ತೊಕ್ಕೊಟ್ಟಿನಿಂದ ಬ್ರಹ್ಮಾವರದ ಕಡೆ ಹೊರಡುವವರು ಕಿಲೋಮೀಟರ್ ಲೆಕ್ಕ ಹಾಕಿ ಇದು ಸಣ್ಣ ಟ್ರಿಪ್ ಅಂದುಕೊಳ್ಳಬೇಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದೂರ ಕಡಿಮೆಯೇ. ಆದರೆ ಮಂಗಳೂರು ದಾಟುವಷ್ಟರಲ್ಲಿ ಇಂಜಿನ್ನಿನ ಕೂಲಿಂಗ್ ಹೇಗಿದೆ ಅನ್ನುವುದು ಪೂರ್ತಿ ಬಯಲಾಗುತ್ತದೆ. ನಾನು ಈ ದಾರಿಯಲ್ಲಿ ನನ್ನ ಹತ್ತು ಚಕ್ರದ ಲಾರಿಯಲ್ಲಿ ಟೈಲ್ಸ್ ಲೋಡ್ ಒಯ್ಯುತ್ತೇನೆ. ಕಳೆದ ಬೇಸಿಗೆಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರತೊಡಗಿದಾಗ ಅದು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಊರೂರಿಗೆ ಗಮನಿಸಿಕೊಂಡು ಹೋದೆ. ತೊಂದರೆ ಎಲ್ಲಿದೆ ಅಂತ ಗೊತ್ತಾಗಿದ್ದು ಅದರಿಂದಲೇ.

ನೇತ್ರಾವತಿ ಸೇತುವೆ, ಜೆಪ್ಪಿನಮೊಗರು ತನಕ ಮುಳ್ಳು ಮಧ್ಯದಲ್ಲೇ ಇತ್ತು. ಪಂಪ್‌ವೆಲ್ ದಾಟಿದ ಮೇಲೆ ನಂತೂರಿಗೆ ಏರು. ಬಸ್ಸುಗಳ ಹಿಂದೆ ಫಸ್ಟ್ ಗೇರಿನಲ್ಲಿ ಇಂಚಿಂಚು ಹತ್ತಬೇಕು. ಮುಳ್ಳು ಮೇಲೇರಲು ಶುರುವಾದದ್ದು ಅಲ್ಲೇ. ಕೆಪಿಟಿ ಜಂಕ್ಷನ್‌ನಲ್ಲಿ ನಿಂತಾಗ ಇನ್ನೂ ಏರಿತು. ಕುಂಟಿಕಾನದಿಂದ ಕೊಟ್ಟಾರ ಚೌಕಿಗೆ ಇಳಿಯುವಾಗ ಸ್ವಲ್ಪ ಇಳಿಯಿತು. ಕೂಳೂರು ಸೇತುವೆಯ ಹತ್ತಿರ ಸಾಲಿನಲ್ಲಿ ಸಿಕ್ಕಿಕೊಂಡಾಗ ಕೆಂಪು ಗೆರೆಯ ಹತ್ತಿರ ಹೋಯಿತು. ಪಣಂಬೂರು, ಬೈಕಂಪಾಡಿಯಲ್ಲಿ ಬಂದರಿನ ಲಾರಿಗಳ ಜೊತೆ ತೆವಳುವಾಗಲೂ ಇದೇ ಕಥೆ. ಸುರತ್ಕಲ್, ಮುಕ್ಕ ದಾಟಿ ರಸ್ತೆ ಬಿಟ್ಟುಕೊಟ್ಟಿತು ನೋಡಿ, ಹಳೆಯಂಗಡಿ ಬರುವಷ್ಟರಲ್ಲಿ ಮುಳ್ಳು ತಾನಾಗಿ ಮಧ್ಯಕ್ಕೆ ಬಂದಿತ್ತು. ಹೆಜಮಾಡಿ ಟೋಲ್ ಸಾಲಿನಲ್ಲಿ ಮತ್ತೆ ಏರಿತು. ಪಡುಬಿದ್ರಿ ದಾಟಿ ಓಡಿಸಿದಾಗ ಮತ್ತೆ ಇಳಿಯಿತು.

ಈ ಏರಿಳಿತದಲ್ಲೇ ಅರ್ಧ ಉತ್ತರ ಇದೆ. ಗಾಡಿ ಅರವತ್ತರ ಸ್ಪೀಡಿನಲ್ಲಿ ಓಡುವಾಗ ಎದುರಿನ ಗಾಳಿ ತಾನಾಗಿ ರೇಡಿಯೇಟರ್ ಒಳಗೆ ನುಗ್ಗುತ್ತದೆ, ಫ್ಯಾನಿಗೆ ದೊಡ್ಡ ಕೆಲಸ ಇರುವುದಿಲ್ಲ. ಜಾಮ್‌ನಲ್ಲಿ ಗಾಳಿ ಎಳೆಯಲು ಇರುವುದು ಫ್ಯಾನ್ ಒಂದೇ. ಹಾಗಾಗಿ ನಿಂತಾಗ, ತೆವಳುವಾಗ ಮಾತ್ರ ಹೀಟ್ ಆಗಿ, ಓಡಿಸಿದರೆ ಸರಿಯಾಗುತ್ತದೆ ಅಂದರೆ ಕೊರತೆ ಗಾಳಿಯದ್ದು. ಫ್ಯಾನ್, ಫ್ಯಾನಿನ ಕವರು, ರೇಡಿಯೇಟರಿನ ಹೊರಮೈ ಮೊದಲು ನೋಡಬೇಕು. ಇದಕ್ಕೆ ಉಲ್ಟಾ, ಜಾಮ್‌ನಲ್ಲಿ ಸುಮ್ನಿದ್ದು ಹೆದ್ದಾರಿಯಲ್ಲಿ ಲೋಡ್ ಎಳೆಯುವಾಗ ಮುಳ್ಳು ಏರಿದರೆ ನೀರಿನ ಓಟದಲ್ಲಿ ತೊಂದರೆ ಇದೆ ಅಂತ ಅರ್ಥ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ಸೋತಿರಬಹುದು, ಅಥವಾ ಕೆಳಗಿನ ಹೋಸ್ ಮೆತ್ತಗಾಗಿ ಜಾಸ್ತಿ ರೇಸ್‌ಗೆ ಒಳಕ್ಕೆ ಕುಗ್ಗುತ್ತಿರಬಹುದು. ಎರಡೂ ಕಡೆ ಹೀಟ್ ಆದರೆ ಮೊದಲು ಕೂಲೆಂಟ್ ಮಟ್ಟ ನೋಡಿ. ಅದು ಸರಿ ಇದ್ದೂ ಟ್ಯಾಂಕಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಮೇಲೆ ಅನುಮಾನ ಪಡಿ.

ನಾನು ಕಾಪುವಿನ ಹತ್ತಿರ ನೆರಳು ನೋಡಿ ನಿಲ್ಲಿಸಿ ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ವಿಷಯ ಪೂರ್ತಿ ಕೇಳುವ ಮೊದಲೇ, "ವಾಲ್ವ್ ತೆಗೆದು ಬಿಸಾಡಿ ಮಾರಾಯ್ರೆ, ಎಲ್ಲ ಸರಿ ಆಗ್ತದೆ" ಅಂದರು. ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಎಲ್ಲರೂ ಕೊಡುವ ಸಲಹೆ ಇದು. ದಯವಿಟ್ಟು ಹಾಗೆ ಮಾಡಬೇಡಿ. ಥರ್ಮೋಸ್ಟಾಟ್ ವಾಲ್ವ್ ಹಲವು ಡೀಸೆಲ್ ಇಂಜಿನ್‌ಗಳಲ್ಲಿ ಎರಡು ಕೆಲಸ ಮಾಡುತ್ತದೆ. ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುತ್ತದೆ, ಅದೇ ಹೊತ್ತಿಗೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ತೆಗೆದುಬಿಟ್ಟರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ನಿಗೇ ವಾಪಸ್ ಬರುತ್ತದೆ. ಜಾಮ್‌ನಲ್ಲಿ ಹೀಟ್ ಇನ್ನೂ ಜಾಸ್ತಿ ಆಗುತ್ತದೆ. ಘಾಟಿ ಇಳಿಯುವಾಗ ಇಂಜಿನ್ ಬೇಕಾದಷ್ಟು ಬಿಸಿಯೇ ಆಗದೆ ಡೀಸೆಲ್ ಸುಮ್ನೆ ಹೋಗುತ್ತದೆ. ವಾಲ್ವ್ ಕೆಟ್ಟಿದೆ ಅಂತ ತಿಳಿಯಲು ಒಂದು ಗುರುತು ಇದೆ: ಇಂಜಿನ್ ಚೆನ್ನಾಗಿ ಕಾದಿದ್ದರೂ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಬೆಚ್ಚಗಾಗಿಲ್ಲ ಅಂದರೆ ವಾಲ್ವ್ ತೆರೆಯುತ್ತಿಲ್ಲ. ಆಗಲೂ ಹೊಸದು ಹಾಕಿಸಿ, ಖಾಲಿ ಬಿಡಬೇಡಿ.

ಫ್ಯಾನನ್ನು ಪರೀಕ್ಷಿಸುವುದು ಕಷ್ಟವಿಲ್ಲ. ಲಾರಿಗಳಲ್ಲಿ ಹೆಚ್ಚಾಗಿ ವಿಸ್ಕಸ್ ಫ್ಯಾನ್ ಇರುತ್ತದೆ. ಅದರ ಕ್ಲಚ್ ಒಳಗೆ ಸಿಲಿಕೋನ್ ಎಣ್ಣೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಂತೆ ಕ್ಲಚ್ ಹಿಡಿದುಕೊಂಡು ಫ್ಯಾನ್ ಜೋರಾಗಿ ತಿರುಗುತ್ತದೆ. ಸರಿ ಇರುವ ಗಾಡಿಯಲ್ಲಿ ಹೀಟ್ ಏರಿದಾಗ ಕ್ಯಾಬಿನ್‌ಗೆ ಗೊರ್ ಅನ್ನುವ ದೊಡ್ಡ ಸದ್ದು ಕೇಳಬೇಕು. ಮುಳ್ಳು ಏರಿದರೂ ಆ ಸದ್ದು ಬರಲಿಲ್ಲ ಅಂದರೆ ಕ್ಲಚ್ ಮೇಲೆ ಅನುಮಾನ ಪಡಿ. ಇಂಜಿನ್ ಚೆನ್ನಾಗಿ ಕಾದಿರುವಾಗ ಆಫ್ ಮಾಡಿ, ಕೀ ತೆಗೆದು ಕಿಸೆಗೆ ಹಾಕಿಕೊಂಡು, ಬಟ್ಟೆ ಹಿಡಿದು ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ಹಿಡಿದಂತೆ ಇರಬೇಕು. ಸಲೀಸಾಗಿ ಸುತ್ತು ಹೊಡೆದರೆ ಕ್ಲಚ್ ಮುಗಿದಿದೆ. ಫ್ಯಾನಿನ ನಡುವಿನ ಹಬ್ ಸುತ್ತ ಎಣ್ಣೆಯ ಗೆರೆ ಚಿಮ್ಮಿ ಧೂಳು ಅಂಟಿದ್ದರೂ ಅದೇ ಅರ್ಥ. ಹೊಸ ಗಾಡಿಗಳಲ್ಲಿ ಈ ಕ್ಲಚ್ಚನ್ನು ಇಂಜಿನ್ ಕಂಪ್ಯೂಟರ್ ನಿಯಂತ್ರಿಸುತ್ತದೆ. ಅಲ್ಲಿ ವೈರಿನ ಕನೆಕ್ಟರ್ ಉಪ್ಪುಗಾಳಿಗೆ ಹಸಿರುಗಟ್ಟಿದೆಯಾ ಅಂತಲೂ ನೋಡಿ. ಸಣ್ಣ ಪಿಕಪ್‌ಗಳಲ್ಲಿ ಕರೆಂಟ್ ಫ್ಯಾನ್ ಇದ್ದರೆ ಫ್ಯೂಸ್, ರಿಲೇ ನೋಡಬೇಕು. ಅದು ಹೇಳದೆ ಕೇಳದೆ ತಿರುಗಲು ಶುರುವಾಗಬಹುದು, ಕೈ ಜೋಪಾನ.

ನನ್ನ ಗಾಡಿಯ ಫ್ಯಾನ್ ಗಟ್ಟಿಯಾಗಿಯೇ ಇತ್ತು. ಗೊರ್ ಸದ್ದೂ ಬರುತ್ತಿತ್ತು. ಬೆಲ್ಟ್ ಬಿಗಿ ಇತ್ತು. ಮುಂದಿನಿಂದ ನೋಡಿದರೆ ಎಲ್ಲ ಚೊಕ್ಕ. ಟಾರ್ಚ್ ಹಿಡಿದು ಬದಿಯಿಂದ ಬಗ್ಗಿ ನೋಡಿದಾಗಲೇ ಗೊತ್ತಾಗಿದ್ದು. ಮುಂದೆ ಕಾಣುವುದು ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ರೇಡಿಯೇಟರ್ ಅದರ ಹಿಂದೆ ಇದೆ. ಎರಡರ ನಡುವಿನ ಸಂದಿಯಲ್ಲಿ ಕೆಂಪು ಧೂಳು, ತೆಂಗಿನ ನಾರು, ಸತ್ತ ಹುಳ, ಗ್ರಿಲ್ಲಿಗೆ ಕಟ್ಟಿದ್ದ ಸೇವಂತಿಗೆ ಮಾಲೆಯ ಒಣ ಎಸಳು ಎಲ್ಲ ಸೇರಿ, ಎಣ್ಣೆ ಪಸೆಗೆ ಅಂಟಿ, ಹಳೇ ಕಂಬಳಿಯ ಹಾಗೆ ಪದರ ಕಟ್ಟಿತ್ತು. ಬೆರಳಿನಿಂದ ಕೆರೆದರೆ ತುಂಡು ತುಂಡಾಗಿ ಕಿತ್ತು ಬಂತು. ಅದರ ಹಿಂದಿನ ಫಿನ್ನುಗಳ (ರೇಡಿಯೇಟರಿನ ತೆಳು ತಗಡುಗಳ) ಮೇಲೆ ಕೆಲವು ಕಡೆ ಬಿಳಿ ಪುಡಿ. ಅಲ್ಯೂಮಿನಿಯಂ ಉಪ್ಪಿಗೆ ಸವೆದು ಹಾಗಾಗುತ್ತದೆ. ಸಮುದ್ರದ ಗಾಳಿ ಸಾಲದು ಅಂತ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ರಸ್ತೆಯಿಂದ ಹಾರಿ ನೇರ ಗ್ರಿಲ್ಲಿಗೇ ಬಡಿಯುತ್ತದೆ. ಮಲ್ಪೆ ಕಡೆ ಓಡಾಡುವವರಿಗೆ ಇದು ಇನ್ನೂ ಜಾಸ್ತಿ.

ಎದುರಿನಿಂದ ಸರ್ವೀಸ್ ಸ್ಟೇಷನ್ನಿನಲ್ಲಿ ನೀರು ಹೊಡೆಸಿದರೆ ಈ ಪದರ ಹೋಗುವುದಿಲ್ಲ. ಇನ್ನೂ ಒಳಕ್ಕೆ ಒತ್ತಿಕೊಳ್ಳುತ್ತದೆ. ಪ್ರೆಶರ್ ಜಾಸ್ತಿ ಇದ್ದು ಓರೆಯಾಗಿ ಬಿದ್ದರೆ ಫಿನ್ನುಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಇಂಟರ್‌ಕೂಲರಿನ ಬೋಲ್ಟ್ ಬಿಚ್ಚಿ ಸ್ವಲ್ಪ ಮುಂದಕ್ಕೆ ಸರಿಸಿ, ಮೊದಲು ಮೆತ್ತಗಿನ ಬ್ರಶ್‌ನಲ್ಲಿ ಒಣ ಕಸ ತೆಗೆದು, ಆಮೇಲೆ ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಬೇಕು. ಇಂಜಿನ್ ತಣ್ಣಗಿರಬೇಕು. ತೊಳೆದ ಮೇಲೆ ಹಿಂದಿನಿಂದ ಬಲ್ಬ್ ಹಿಡಿದು ನೋಡಿ, ಬೆಳಕು ಎಲ್ಲ ಕಡೆ ಒಂದೇ ಸಮ ತೂರಿ ಬರಬೇಕು. ಅಷ್ಟೇ ಮುಖ್ಯ ಇನ್ನೊಂದಿದೆ. ಫ್ಯಾನಿನ ಸುತ್ತಲಿನ ಕವರು ಒಡೆದಿದ್ದರೆ, ರೇಡಿಯೇಟರಿನ ಬದಿಯ ರಬ್ಬರ್ ಪಟ್ಟಿ ಕಿತ್ತು ಹೋಗಿದ್ದರೆ, ಇಂಜಿನ್ನಿನ ಬಿಸಿ ಗಾಳಿಯೇ ಸುತ್ತಿ ಮತ್ತೆ ಮುಂದಕ್ಕೆ ಬರುತ್ತದೆ. ನಿಂತ ಗಾಡಿಯಲ್ಲಿ ಫ್ಯಾನ್ ಅದನ್ನೇ ಎಳೆದುಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಎಡಗಡೆಯ ಪಟ್ಟಿ ಇರಲೇ ಇಲ್ಲ. ಗ್ಯಾರೇಜಿನವರು ಬಿಚ್ಚಿದ್ದನ್ನು ವಾಪಸ್ ಹಾಕದೆ ಬಿಡುವುದು ಹೆಚ್ಚಾಗಿ ಇಂಥ ತುಂಡುಗಳನ್ನೇ. ಗಾಡಿ ವಾಪಸ್ ಪಡೆಯುವಾಗ ನಿಂತು ನೋಡಿಕೊಳ್ಳಿ.

ಗ್ರಿಲ್ ಮುಂದೆ ಬೋರ್ಡ್, ಬ್ಯಾನರ್, ಅಲಂಕಾರದ ಜಾಲಿ ಹಾಕುವವರಿಗೂ ಒಂದು ಮಾತು. ಬೇಸಿಗೆ ಮುಗಿಯುವ ತನಕ ತೆಗೆದಿಡಿ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ. ನಮ್ಮ ಸೆಕೆಗೆ ಡ್ರೈವರ್‌ಗಳಿಗೆ ಅದು ಬೇಕೇ ಬೇಕು. ಆದರೆ ಎಸಿ ಕಂಡೆನ್ಸರ್ ಕೂಡ ರೇಡಿಯೇಟರಿನ ಮುಂದೆಯೇ ಇದ್ದರೆ ಕಸ ಕೂರಲು ಇನ್ನೊಂದು ಸಂದಿ ಸಿಕ್ಕಿತು ಅಂತಲೇ ತಿಳಿಯಿರಿ.

ಮುಳ್ಳನ್ನು ನಂಬುವುದಕ್ಕೂ ಲೆಕ್ಕ ಇದೆ. ನಿಜವಾದ ಹೀಟ್ ನಿಧಾನ ಏರುತ್ತದೆ. ಹೆಡ್‌ಲೈಟ್ ಹಾಕಿದ ತಕ್ಷಣ ಮುಳ್ಳು ಹಾರಿದರೆ ಅರ್ಥ್ ವೈರ್ ನೋಡಿ. ಏರಿದ್ದ ಮುಳ್ಳು ಗಾಡಿ ನಿಂತಿರುವಾಗಲೇ ಇದ್ದಕ್ಕಿದ್ದಂತೆ ಬಿದ್ದುಬಿಟ್ಟರೆ ಖುಷಿಪಡಬೇಡಿ. ಕೂಲೆಂಟ್ ಖಾಲಿಯಾಗಿ ಸೆನ್ಸರ್‌ಗೆ ನೀರೇ ತಾಗದಿದ್ದರೂ ಹಾಗಾಗುತ್ತದೆ. ಆಗ ತಕ್ಷಣ ಇಂಜಿನ್ ಆಫ್ ಮಾಡಬೇಕು.

ಜಾಮ್‌ನಲ್ಲಿ ಇರುವಾಗಲೇ ಮುಳ್ಳು ಏರಿದರೆ ಎಸಿ ಆಫ್ ಮಾಡಿ. ನ್ಯೂಟ್ರಲ್‌ನಲ್ಲಿ 1200 ಆರ್‌ಪಿಎಂ ಸುಮಾರಿಗೆ ರೇಸ್ ಹಿಡಿಯಿರಿ, ಫ್ಯಾನ್, ವಾಟರ್ ಪಂಪ್ ಎರಡೂ ವೇಗವಾಗಿ ತಿರುಗುತ್ತವೆ. ಕ್ಯಾಬಿನ್ ಹೀಟರ್ ಇದ್ದರೆ ಫುಲ್ ಹಾಕಿ. ಸೆಕೆಗೆ ಜೀವ ಹೋದಂತಾಗುತ್ತದೆ, ಆದರೆ ಇಂಜಿನ್ನಿನ ಹೀಟ್ ಅಷ್ಟು ಹೊರಗೆ ಬರುತ್ತದೆ. ಮುಂದಿನ ಗಾಡಿಗೆ ಅಂಟಿಕೊಂಡು ಹಾಫ್ ಕ್ಲಚ್‌ನಲ್ಲಿ ತೆವಳಬೇಡಿ, ಜಾಗ ಬಿಟ್ಟು ನಿಂತು ಒಮ್ಮೆಗೆ ಸಾಗಿ. ಬಸ್ಸಿನ ಸೈಲೆನ್ಸರ್ ಬಿಸಿಯೂ ನಮ್ಮ ರೇಡಿಯೇಟರಿಗೇ ಬರುತ್ತದೆ ಅಲ್ವಾ. ಕೆಂಪು ಮುಟ್ಟಿದರೆ ಬದಿಗೆ ಹಾಕಿ. ಮಧ್ಯಾಹ್ನದ ಮೇಲೆ ಗಾಳಿ ಸಮುದ್ರದ ಕಡೆಯಿಂದ ಬೀಸುತ್ತದೆ. ಜಾಗ ಇದ್ದರೆ ಗಾಡಿಯ ಮೂತಿ ಪಶ್ಚಿಮಕ್ಕೆ ಮಾಡಿ ನಿಲ್ಲಿಸಿದರೆ ಬೇಗ ತಣಿಯುತ್ತದೆ. ಕೂಲೆಂಟ್ ಇದೆ, ವಾರ್ನಿಂಗ್ ಇಲ್ಲ ಅಂದರೆ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ಕೊಡುವ ಭಾಗ) ತಣಿಯಲಿ ಅಂತ ಕೆಲವು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ.

ರೇಡಿಯೇಟರ್ ಮುಚ್ಚಳ ಬಿಸಿ ಇರುವಾಗ ತೆಗೆಯಲೇಬಾರದು. ಇದನ್ನು ಕ್ಲೀನರ್ ಹುಡುಗರಿಗೆ ಬಿಡಿಸಿ ಹೇಳಿ. ಸುಮಾರು 1 ಬಾರ್ ಒತ್ತಡ ಹಿಡಿಯುವ ಮುಚ್ಚಳ ಇದ್ದರೆ ಒಳಗಿನ ನೀರು 120 ಡಿಗ್ರಿ ಹತ್ತಿರ ಹೋಗುವ ತನಕ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಗೆ ಕುದಿದು ಮುಖಕ್ಕೆ ಹಾರುತ್ತದೆ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲದೆ ಬೇಗ ಕುದಿಯುತ್ತದೆ. ಅದನ್ನು ಬದಲಿಸಲು ಖರ್ಚು ಕಡಿಮೆ, ಮೊದಲೇ ಬದಲಿಸಿಬಿಡಿ. ದಾರಿಬದಿಯ ಬಾವಿ ನೀರು ಸುರಿಯಬೇಡಿ. ಸಮುದ್ರದ ಹತ್ತಿರದ ಎಷ್ಟೋ ಬಾವಿಗಳು ಮೇ ತಿಂಗಳಲ್ಲಿ ಉಪ್ಪಾಗುತ್ತವೆ, ಆ ಉಪ್ಪು ರೇಡಿಯೇಟರನ್ನು ಒಳಗಿನಿಂದ ತಿನ್ನುತ್ತದೆ. ಬೆರೆಸಿದ ಕೂಲೆಂಟ್‌ನ ಒಂದು ಕ್ಯಾನ್ ಕ್ಯಾಬಿನ್‌ನಲ್ಲೇ ಇರಲಿ.

ಹೊರಡುವ ಹೊತ್ತೂ ಮುಖ್ಯ. ಬೆಳಕು ಹರಿಯುವ ಮೊದಲು ಕೂಳೂರು ದಾಟಿದರೆ ಈ ತಾಪತ್ರಯ ಬಹಳ ಕಡಿಮೆ. ಉಡುಪಿ ಹತ್ತಿರದ ಸಂತೆಕಟ್ಟೆಯನ್ನು ಶಾಲೆ, ಆಫೀಸು ಶುರುವಾಗುವ ಮೊದಲು ದಾಟುವ ಹಾಗೆ ನೋಡಿಕೊಳ್ಳಿ. ಹೊತ್ತು ಮೀರಿದರೆ ಮುಲ್ಕಿಯಲ್ಲೋ ಕಾಪುವಿನಲ್ಲೋ ನಿಲ್ಲಿಸಿ ಪುನರ್ಪುಳಿ ಶರಬತ್ತು ಕುಡಿದು ವಿಶ್ರಾಂತಿ ತೆಗೆದುಕೊಳ್ಳುವುದೇ ಒಳ್ಳೆಯದು.

ತೊಳೆದು, ಪಟ್ಟಿ ಹಾಕಿಸಿದ ಮೇಲೆ ಅದೇ ಲೋಡು, ಅದೇ ನಂತೂರು ಏರು. ಮುಳ್ಳು ಮಧ್ಯದಿಂದ ಒಂದು ಕೂದಲು ಮೇಲೆ ಹೋಗಿ ನಿಂತಿತು, ಗೊರ್ ಸದ್ದು ಬಂದು ಇಳಿಯಿತು. ಇದೇ ಗಾಡಿಯಲ್ಲಿ ಬಿ.ಸಿ. ರೋಡ್ ಊರಿನ ಮೂಲಕ ಹೋಗಿ ಶಿರಾಡಿ ಘಾಟಿ ಹತ್ತುವವರು ಮಾತ್ರ ಇಷ್ಟಕ್ಕೇ ಬಿಡಬೇಡಿ. ಅಲ್ಲಿ ನಿಧಾನದ ಜೊತೆ ಪೂರ್ತಿ ಲೋಡಿನ ಎಳೆತವೂ ಇರುತ್ತದೆ, ಗಾಳಿಯ ಜೊತೆ ನೀರಿನ ಓಟವೂ ಸರಿ ಇರಬೇಕು. ಹೊರಡುವ ಮೊದಲು ಗ್ಯಾರೇಜಿನಲ್ಲಿ ಟೆಂಪರೇಚರ್ ಗನ್ ಹಿಡಿಸಿ ರೇಡಿಯೇಟರಿನ ಮೈ ಪೂರ್ತಿ ನೋಡಿಸಿ. ಸುತ್ತ ಬಿಸಿ ಇದ್ದು ನಡುವೆ ಒಂದು ಜಾಗ ಮಾತ್ರ ತಣ್ಣಗಿದ್ದರೆ ಅಲ್ಲಿ ಟ್ಯೂಬ್ ಕಟ್ಟಿಕೊಂಡಿದೆ, ಘಾಟಿಗೆ ಮೊದಲೇ ಬಿಚ್ಚಿಸಿ ಸರಿಮಾಡಿಸಿಕೊಳ್ಳಿ.