ಗಟ್ಟಿ ಕುಲಾವಿ

ಅಮ್ಮ ಊರಿಗೆ ಹೋದ ಮೇಲೆ ಪಾಪುವಿಗೆ ಸ್ನಾನ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮನಾದರೆ ಬಾತ್‌ರೂಮಿನ ನೆಲದಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಅವನನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹದವಾಗಿ ಬಿಸಿನೀರು ಎರೆಯುತ್ತಿದ್ದಳು. ನನಗೆ ಆ ಧೈರ್ಯ ಇಲ್ಲ. ನೆದರ್ಲೆಂಡ್ಸಿನಲ್ಲಿ ಮಕ್ಕಳನ್ನು ಬಕೆಟ್ಟಿನಂಥ ಒಂದು ಟಬ್ಬಿನಲ್ಲಿ ಕೂರಿಸಿ ಸ್ನಾನ ಮಾಡಿಸುವ ರೂಢಿ ಇದೆ. ನಾನೂ ಅದನ್ನೇ ತಂದಿದ್ದೆ. ಮಗು ನೀರಲ್ಲಿ ಕತ್ತಿನವರೆಗೆ ಮುಳುಗಿ ಆರಾಮಾಗಿ ಕೂತಿರುತ್ತದೆ, ನಾವು ಮೇಲಿನಿಂದ ಬಗ್ಗಿ ಹಿಡಿದುಕೊಂಡಿರುತ್ತೇವೆ.

ಹಾಗೆ ಮೇಲಿನಿಂದ ನೋಡಿದಾಗಲೇ ಕಂಡಿದ್ದು. ಒದ್ದೆ ಕೂದಲು ತಲೆಗೆ ಅಂಟಿಕೊಂಡಿತ್ತು. ಹಿಂಭಾಗದ ಬಲಗಡೆ ಯಾರೋ ಅಂಗೈಯಿಂದ ಒತ್ತಿದ ಹಾಗೆ ಚಪ್ಪಟೆ. ಬಲಗಿವಿ ಎಡಗಿವಿಗಿಂತ ಸ್ವಲ್ಪ ಮುಂದೆ. ಎದುರಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ನಗುತ್ತಿದ್ದ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇರಬಹುದು. ಆದರೆ ಅವತ್ತಿನಿಂದ ನನ್ನ ಕಣ್ಣು ಅವನ ಮುಖಕ್ಕಿಂತ ಜಾಸ್ತಿ ಆ ಬಲಗಡೆಗೇ ಹೋಗುತ್ತಿತ್ತು. ಬೀದಿಯಲ್ಲಿ ಕಂಡವರ ಮಕ್ಕಳ ತಲೆಯನ್ನೆಲ್ಲ ಹಿಂದಿನಿಂದ ನೋಡುವ ಚಟ ಅಂಟಿತು. ಬಸ್ಸಿನಲ್ಲಿ ಮುಂದೆ ಕೂತ ಬೋಳುತಲೆಯ ಗಂಡಸರನ್ನೂ ಬಿಡಲಿಲ್ಲ. ಎಷ್ಟು ಜನರ ತಲೆ ಓರೆ ಇದೆ ಗೊತ್ತಾ?

ಫೋಟೋ ತೆಗೆದು ಡಲ್ಲಾಸಿನಲ್ಲಿರುವ ಅಕ್ಕನಿಗೆ ಕಳಿಸಿದೆ. ಅಮ್ಮನಿಗೆ ಕಳಿಸಲಿಲ್ಲ. ಕಳಿಸದೇ ಇದ್ದದ್ದಕ್ಕೆ ಕಾರಣ ಇತ್ತು.

ಅಮ್ಮ ಬಾಣಂತನಕ್ಕೆ ಅಂತ ಹಾಸನದಿಂದ ನೆದರ್ಲೆಂಡ್ಸಿನಲ್ಲಿ ನಾವಿರುವ ವೆಲ್ಡ್‌ಹೋವನ್‌ಗೆ ಬಂದಿದ್ದು ತೊಂಬತ್ತು ದಿನದ ವೀಸಾದ ಮೇಲೆ. ಸೂಟ್‌ಕೇಸಿನಲ್ಲಿ ಬಜೆ, ಬೆಳ್ಳುಳ್ಳಿ ಪುಡಿ, ಕೈಯಲ್ಲಿ ಹೊಲಿದ ಕುಲಾವಿಗಳ ಜೊತೆಗೆ ಎರಡು ಹಳೇ ವಾಯಿಲ್ ಸೀರೆಯೂ ಇದ್ದವು. ಮೂರನೇ ದಿನವೇ ಒಂದು ಸೀರೆ ಹರಿದು, ಸುತ್ತಿ ಸುತ್ತಿ ಸಿಂಬೆ ಮಾಡಿ ಮಗುವಿನ ತಲೆಯಡಿ ಇಟ್ಟಳು. ತಲೆ ದುಂಡಗಾಗಲಿ ಅಂತ. ಊರಲ್ಲಿದ್ದಿದ್ದರೆ ಸಾಸಿವೆ ದಿಂಬೇ ಹೊಲಿದುಬಿಡುತ್ತಿದ್ದಳು.

ಇಲ್ಲಿ ಹೆರಿಗೆಯಾದ ಮೇಲೆ ಸುಮಾರು ಒಂದು ವಾರ ಮನೆಗೇ ಬಂದು ನೋಡಿಕೊಳ್ಳುವ ದಾದಿಯರಿದ್ದಾರೆ, ಕ್ರಾಮ್‌ಜೋರ್ಖ್ ಅಂತ. ನಮ್ಮನೆಗೆ ಬಂದವರಿಗೆ ಐವತ್ತು ದಾಟಿತ್ತು. ಬಂದವರೇ ತೊಟ್ಟಿಲು ನೋಡಿ, ನಗುತ್ತಲೇ ಸಿಂಬೆ ತೆಗೆದು ಪಕ್ಕಕ್ಕಿಟ್ಟರು. ದಿಂಬು ಬೇಡ, ಬಟ್ಟೆ ಸುರುಳಿ ಬೇಡ, ಮಗುವನ್ನು ಅಂಗಾತ ಮಲಗಿಸಿ, ಹಾಸಿಗೆ ಗಟ್ಟಿಯಾಗಿರಲಿ, ಅಷ್ಟೆ. ಅಮ್ಮನ ಮುಖ ಸಣ್ಣದಾಯಿತು. ಅದನ್ನು ಗಮನಿಸಿಯೋ ಏನೋ, ಆಕೆ ಕಾಫಿ ಕುಡಿಯುತ್ತಾ ತನ್ನ ಕಥೆ ಹೇಳಿದರು. ತಾನು ಮಗುವಾಗಿದ್ದ ಎಪ್ಪತ್ತರ ದಶಕದಲ್ಲಿ ಇದೇ ದೇಶದ ಡಾಕ್ಟರುಗಳು ಮಕ್ಕಳನ್ನು ಬೋರಲು ಮಲಗಿಸಿ ಅನ್ನುತ್ತಿದ್ದರಂತೆ. ತೊಟ್ಟಿಲಲ್ಲೇ ನಿದ್ದೆಯಲ್ಲಿ ಸಾಯುವ ಮಕ್ಕಳು ಜಾಸ್ತಿಯಾದರು. 1987ರಲ್ಲಿ ಬೋರಲು ಬೇಡ ಅಂತ ದೇಶಕ್ಕೆಲ್ಲ ಹೇಳಿದ ಮೇಲೆ ಆ ಸಾವುಗಳು ಸರ್ರನೆ ಇಳಿದವು. ಅಮೆರಿಕ ಅದೇ ಮಾತು ಹೇಳಿದ್ದು 1992ರಲ್ಲಿ. ಅಂಗಾತ ಮಲಗುವ ಮಕ್ಕಳ ಹಿಂತಲೆ ಚಪ್ಪಟೆಯಾಗುವುದು ಹೆಚ್ಚಾಗಿದ್ದೂ ಅದಾದ ಮೇಲೇ.

ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಪೂರ್ತಿ ಕೇಳಿ, "ನಿನ್ನ ತಲೆ ದುಂಡಗೆ ಮಾಡಿದ್ದು ಇದೇ ಕೈ" ಅಂದಳು. ಸಿಂಬೆಯನ್ನು ಬಿಚ್ಚಿ, ಮಡಚಿ, ವಾಪಸ್ ಸೂಟ್‌ಕೇಸಿಗೆ ಹಾಕಿದಳು. ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ಎಂಬತ್ತೆಂಟನೇ ದಿನ ವಿಮಾನ ಹತ್ತಿದಳು.

ಈಗ ಫೋಟೋ ಕಳಿಸಿ ಏನಂತ ಹೇಳಲಿ?

ಮೂರನೇ ತಿಂಗಳ ತಪಾಸಣೆಗೆ ಹೋದಾಗ ಕನ್ಸಲ್ಟಾಟಿ ಬ್ಯೂರೋದ, ಅಂದರೆ ಇಲ್ಲಿನ ಮಕ್ಕಳ ಆರೋಗ್ಯ ಕೇಂದ್ರದ ಡಾಕ್ಟರು ತಲೆ ಸವರಿ, ಮೇಲಿನಿಂದ ನೋಡಿ, ಕಿವಿ ಮುಂದೆ ಸರಿದಿರುವುದು ಒಳ್ಳೇ ಲಕ್ಷಣ ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಮಗುವಿನ ತಲೆಬುರುಡೆ ಒಂದೇ ಚಿಪ್ಪಲ್ಲ, ಹಲವು ಮೂಳೆಗಳ ನಡುವೆ ಹೊಲಿಗೆಗಳಿರುತ್ತವೆ. ಒಮ್ಮೊಮ್ಮೆ ಯಾವುದಾದರೂ ಹೊಲಿಗೆ ಹೊತ್ತಿಗೆ ಮುಂಚೆ ಬೆಸೆದುಕೊಂಡುಬಿಡುತ್ತದೆ. ಅದು ಅಪರೂಪ, ಆದರೆ ಅದಾದರೆ ಆಪರೇಷನ್ ಮಾತು ಬರುತ್ತದೆ. ಹಿಂಭಾಗದ ಹೊಲಿಗೆ ಹಾಗೆ ಬೆಸೆದರೆ ಆ ಕಡೆಯ ಕಿವಿ ಸಾಮಾನ್ಯವಾಗಿ ಹಿಂದಕ್ಕೆ ಎಳೆದ ಹಾಗಿರುತ್ತದೆ. ಮಲಗಿ ಮಲಗಿ ಚಪ್ಪಟೆಯಾದರೆ ಕಿವಿ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ನಮ್ಮವನದ್ದು ಎರಡನೆಯದು. ಕತ್ತಿನ ಎಡಗಡೆಯ ಸ್ನಾಯು ಬಿಗಿಯಾಗಿದೆ, ಅದಕ್ಕೇ ಯಾವಾಗಲೂ ಬಲಕ್ಕೇ ತಿರುಗಿ ಮಲಗುತ್ತಾನೆ ಅಂತ ಮಕ್ಕಳ ಫಿಸಿಯೋಥೆರಪಿಗೆ ಬರೆದುಕೊಟ್ಟರು. ಚಪ್ಪಟೆ ತಲೆ ಸರಿಮಾಡಲು ಮಕ್ಕಳಿಗೆ ಹಾಕುವ ಹೆಲ್ಮೆಟ್ಟಿನ ಮಾತೇ ಎತ್ತಲಿಲ್ಲ.

ಫಿಸಿಯೋ ಹೇಳಿದ್ದೆಲ್ಲ ಮಾಡಿದೆವು. ತೊಟ್ಟಿಲಲ್ಲಿ ತಲೆ ಹಾಕುವ ದಿಕ್ಕು ಬದಲಿಸಿದೆವು, ಕಿಟಕಿ ಅವನ ಎಡಕ್ಕೆ ಬರುವ ಹಾಗೆ. ಗಿಲಕಿ ಎಡಗಡೆ. ಬಾಟಲಿ ಎಡಗಡೆ. ಎಚ್ಚರವಿದ್ದಾಗ ದಿನಕ್ಕೆ ಹತ್ತು ಸಲ ಬೋರಲು. ಅದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಚಾಪೆಗೆ ಮೂಗು ಒತ್ತಿಕೊಂಡು ಬಯ್ಯುವ ಹಾಗೆ ಕಿರುಚುತ್ತಿದ್ದ.

ಅಕ್ಕ ಮಾತ್ರ ಬಿಡಲಿಲ್ಲ. ಅವಳ ಮಗ ನಾಲ್ಕು ತಿಂಗಳು ಹೆಲ್ಮೆಟ್ ಹಾಕಿದ್ದ. "ನೋಡೇ, ಆರು ತಿಂಗಳು ಕಳೆದ್ರೆ ಆಮೇಲೆ ಮೂಳೆ ಮಾತು ಕೇಳಲ್ಲ. ಇನ್ಶೂರೆನ್ಸ್‌ನವ್ರು ಇದು ಬರೀ ಚೆಂದಕ್ಕೆ ಅಂತ ನಮ್ಗೆ ಒಂದು ಪೈಸೆ ಕೊಡ್ಲಿಲ್ಲ, ಆದ್ರೂ ಹಾಕಿಸಿದ್ವಿ. ನಾಳೆ ಅವನು ದೊಡ್ಡೋನಾಗಿ ಯಾಕಮ್ಮ ಹೀಗೆ ಅಂತ ಕೇಳಿದ್ರೆ ಏನಂತೀಯ?" ಈ ಕೊನೇ ಮಾತು ರಾತ್ರಿ ಹಾಲು ಕುಡಿಸುವಾಗೆಲ್ಲ ನೆನಪಾಗುತ್ತಿತ್ತು.

ಗಡಿ ದಾಟಿದರೆ ಜರ್ಮನಿಯಲ್ಲಿ ಒಂದು ಹೆಲ್ಮೆಟ್ ಕೇಂದ್ರ ಇತ್ತು. ಮೇ ಕೊನೆಯಲ್ಲಿ, ಅವನಿಗೆ ಐದೂವರೆ ತಿಂಗಳಿದ್ದಾಗ, ಅಲ್ಲಿಗೆ ಹೊರಟೆವು. ನನ್ನ ಗಂಡನಿಗೆ ಇಷ್ಟವಿರಲಿಲ್ಲ. ಆದರೂ ರಜೆ ಹಾಕಿ ಕಾರು ಓಡಿಸಿದರು. ಗಡಿಯ ಹತ್ತಿರದ ವೆನ್ಲೋ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಬೆಳಿಗ್ಗೆ ಕಲಸಿದ ಚಿತ್ರಾನ್ನದ ವಾಸನೆ ಕಾರಿನ ತುಂಬ.

ಕಾಯುವ ಕೋಣೆಯಲ್ಲಿ ಎಂಟೊಂಬತ್ತು ತಿಂಗಳ ಹುಡುಗಿಯೊಬ್ಬಳು ನೆಲದಲ್ಲಿ ಹರಿದಾಡುತ್ತಿದ್ದಳು. ತಲೆಯ ಮೇಲೆ ನೀಲಿ ಹೆಲ್ಮೆಟ್, ಅದರ ಮೇಲೆ ಮೋಡ, ವಿಮಾನದ ಚಿತ್ರ. ಮೇಜಿನ ಕಾಲಿಗೆ ಟಕ್ ಅಂತ ಹೊಡೆದುಕೊಂಡಳು. ಅಳಲೇ ಇಲ್ಲ, ಮತ್ತೊಮ್ಮೆ ಬೇಕಂತಲೇ ಹೊಡೆದುಕೊಂಡಳು. ಅವಳಮ್ಮ ನಕ್ಕು, ಮೊದಲ ವಾರ ಮಾತ್ರ ಕಷ್ಟ ಅಂದರು. ಆಮೇಲೆ ಹೆಲ್ಮೆಟ್ ತೆಗೆದು ಒರೆಸಿದರು. ಹುಳಿ ಬೆವರಿನ ವಾಸನೆ ಬಂತು. ಕೂದಲು ನೆಂದು ಹೋಗಿತ್ತು, ಹಣೆಯಲ್ಲಿ ಕೆಂಪು ಗೆರೆ. ದಿನಕ್ಕೆ ಇಪ್ಪತ್ಮೂರು ಗಂಟೆ ಹಾಕಬೇಕು. ಉಳಿದ ಒಂದು ಗಂಟೆ ಸ್ನಾನಕ್ಕೆ, ಒರೆಸುವುದಕ್ಕೆ. ನಾನು ಲೆಕ್ಕ ಹಾಕಿದ್ದು ಬೇರೆ. ಇಪ್ಪತ್ಮೂರು ಗಂಟೆ ನೆತ್ತಿಗೆ ಮುತ್ತು ಕೊಡುವ ಹಾಗಿಲ್ಲ.

ಒಳಗೆ ಪಾಪುವಿನ ತಲೆಗೆ ಬಿಗಿಯಾದ ಕಾಲುಚೀಲದಂಥ ಟೋಪಿ ಎಳೆದರು. ಕಣ್ಣು ಮೂಗು ಮಾತ್ರ ಹೊರಗೆ, ಪುಟ್ಟ ಕಳ್ಳನ ಹಾಗೆ. ಕೆಲವೇ ಕ್ಷಣದಲ್ಲಿ ಸ್ಕ್ಯಾನ್ ಮುಗಿಯಿತು. ಪರದೆಯ ಮೇಲೆ ಬೂದು ಬಣ್ಣದ ತಲೆಯೊಂದು ತಿರುಗತೊಡಗಿತು, ಅದರ ಮೇಲೆ ಮೂಲೆಯಿಂದ ಮೂಲೆಗೆ ಎಳೆದ ಎರಡು ಓರೆ ಗೆರೆಗಳು. ಒಂದು 139 ಮಿಲಿಮೀಟರ್, ಇನ್ನೊಂದು 130. ಒಂಬತ್ತು ಮಿಲಿಮೀಟರ್ ವ್ಯತ್ಯಾಸ. ಶೇಕಡಾ ಲೆಕ್ಕದಲ್ಲಿ ಆರೂವರೆ ಹತ್ತಿರ. ಅವರು ಹಿಡಿಯುವ ಅಳತೆಯಲ್ಲಿ 6.25ರವರೆಗೆ ಸೌಮ್ಯ, ದಾಟಿದರೆ ಮಧ್ಯಮ. ಕಾಲು ಮಾರ್ಕಿನಲ್ಲಿ ಫೇಲಾದ ಹಾಗಾಯಿತು.

ಸ್ಕ್ಯಾನ್ ಮಾಡಿದ ಹೆಂಗಸು ಒತ್ತಾಯ ಮಾಡಲಿಲ್ಲ, ಅದು ನಿಜ. ತಲೆ ಬೆಳೆಯುವುದು ಈಗಲೇ, ಮೊದಲ ಆರು ತಿಂಗಳು ಬೆಳೆದ ಹಾಗೆ ಆಮೇಲೆ ಬೆಳೆಯುವುದಿಲ್ಲ, ಹೆಲ್ಮೆಟ್ ಒತ್ತುವುದಿಲ್ಲ, ಖಾಲಿ ಜಾಗ ಬಿಟ್ಟು ಅಲ್ಲಿಗೆ ಬೆಳೆಯಲು ಬಿಡುತ್ತದೆ ಅಂತ ವಿವರಿಸಿದರು. ಅದು ನನಗೂ ಗೊತ್ತಿತ್ತು. ಹುಟ್ಟಿದಾಗ 35 ಸೆಂಟಿಮೀಟರ್ ಇದ್ದ ತಲೆ ಸುತ್ತಳತೆ ಈಗ 42 ದಾಟಿತ್ತು. ಖರ್ಚು ಎರಡು ಸಾವಿರ ಯೂರೋ ಹತ್ತಿರ. ಇನ್ನು ಎರಡು ವಾರದೊಳಗೆ ಹೇಳಿ ಅಂದರು.

ಪಾರ್ಕಿಂಗಿನಲ್ಲಿ ಕಾರೊಳಗೇ ಚಿತ್ರಾನ್ನ ತಿಂದೆವು. ಜಗಳವೂ ಅಲ್ಲೇ ಆಯಿತು.

ಇವರು ಫೋನ್ ತೆಗೆದು ಡಚ್ ಅಧ್ಯಯನವೊಂದನ್ನು ತೋರಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದ್ದು. ಇದೇ ದೇಶದ 84 ಮಕ್ಕಳು, ಐದಾರು ತಿಂಗಳವರು. ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದಕ್ಕೆ ಆರು ತಿಂಗಳು ಹೆಲ್ಮೆಟ್, ಇನ್ನೊಂದಕ್ಕೆ ಏನೂ ಇಲ್ಲ. ಎರಡು ವರ್ಷ ತುಂಬಿದಾಗ ತಲೆ ಪೂರ್ತಿ ಸರಿಹೋದವರು ಹೆಲ್ಮೆಟ್ ಹಾಕಿದವರಲ್ಲಿ ನೂರಕ್ಕೆ 26, ಹಾಕದವರಲ್ಲಿ 23.

"ಮೂರಕ್ಕೋಸ್ಕರ ಮಗು ತಲೆ ಬೇಸಿಗೆಯಲ್ಲಿ ಬೇಯಿಸ್ಬೇಕಾ?" ಅಂದರು.

ನಾನೂ ಅದನ್ನು ಓದಿದ್ದೆ. ರಾತ್ರಿ ಮೂರು ಗಂಟೆಗೆ ಎದ್ದಿರುವ ತಾಯಂದಿರು ಏನೇನು ಓದುತ್ತಾರೆ ಅಂತ ಈ ಗಂಡಸರಿಗೆ ಗೊತ್ತಿಲ್ಲ. "ತೀರಾ ಜಾಸ್ತಿ ಓರೆ ಇದ್ದ ಮಕ್ಕಳನ್ನ ಅದ್ರಲ್ಲಿ ಸೇರಿಸ್ಕೊಂಡೇ ಇಲ್ಲ. ಕರೆದವರಲ್ಲಿ ಐದರಲ್ಲೊಂದು ಪಾಲು ಜನ ಮಾತ್ರ ಒಪ್ಪಿದ್ದು. ಎಷ್ಟೋ ಮಕ್ಕಳಿಗೆ ಹೆಲ್ಮೆಟ್ ಸರಿಯಾಗಿ ಕೂತೇ ಇಲ್ಲ. ಅಮೆರಿಕದ ನರಶಸ್ತ್ರವೈದ್ಯರು 2016ರಲ್ಲಿ, ವ್ಯಾಯಾಮದಿಂದ ಸರಿಹೋಗದೆ ಮಧ್ಯಮ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಹಾಕಿ ಅಂದಿದ್ದಾರೆ, ಅದನ್ನೂ ಓದಿ" ಅಂದೆ.

"ನಮ್ದು ಮಧ್ಯಮ ಅಂದ್ರೆ ಯಾವ ಮಧ್ಯಮ? ಬಾಗಿಲಲ್ಲಿ ಕಾಲಿಟ್ಟಿರೋ ಮಧ್ಯಮ."

"ಆ 23ರಲ್ಲಿ ಇಲ್ದೇ ಹೋದ್ರೆ?"

ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಆ 26ರಲ್ಲಿ ಇಲ್ಲದೇ ಹೋದರೆ ಅಂತ ಅವರು ಕೇಳಿದ್ದರೆ ನನ್ನ ಹತ್ತಿರವೂ ಇರಲಿಲ್ಲ. ಅವರು ಕೇಳಲಿಲ್ಲ. ಡಬ್ಬಿಯ ತಳದಲ್ಲಿದ್ದ ಕಡಲೆಬೀಜ ಆರಿಸಿ ತಿನ್ನುತ್ತಾ ಕೂತರು.

ಆವಾಗ ನಾನು ಅಮ್ಮನಿಗೆ ವಿಡಿಯೋ ಕಾಲ್ ಮಾಡಿಬಿಟ್ಟೆ. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗುವನ್ನು ಎತ್ತಿ, ಕ್ಯಾಮೆರಾಕ್ಕೆ ಅವನ ಹಿಂತಲೆ ತೋರಿಸಿದೆ. ಕೇಂದ್ರದವರು ಕೊಟ್ಟ ಕಾಗದದಲ್ಲಿದ್ದ ಹೆಲ್ಮೆಟ್ ಚಿತ್ರವನ್ನೂ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು.

"ಅದೆಂಥ ಗಟ್ಟಿ ಕುಲಾವಿನೇ ಅದು!"

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಸಿಂಬೆ ತೆಗೆಸಬಾರದಿತ್ತು ಅಮ್ಮ ಅಂತ ಬಾಯಿಗೆ ಬಂದಿತ್ತು. ಅದು ನಿಜ ಅಲ್ಲ ಅಂತ ಗೊತ್ತಿದ್ದರಿಂದ ಹೇಳಲಿಲ್ಲ. ತಲೆ ದುಂಡಗೆ ಮಾಡುತ್ತೇವೆ ಅಂತ ಮಾರುವ ದಿಂಬುಗಳಿಂದ ಉಸಿರುಗಟ್ಟಬಹುದು, ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 2022ರಲ್ಲಿ ಹೇಳಿದೆ. ಸಿಂಬೆ ತೆಗೆದದ್ದು ಸರಿಯೇ. ಆದರೂ ಅಮ್ಮ ಒಂದು ಮಾತು ಆಡಿಯಾಳು ಅಂತ ಕಾದೆ.

ಆಡಲಿಲ್ಲ. "ಹಾಕಿಸಬೇಕು ಅನ್ನಿಸಿದ್ರೆ ಹಾಕಿಸು. ಬೇಡ ಅನ್ನಿಸಿದ್ರೆ ಬೇಡ. ನಾನು ಅಲ್ಲಿದ್ದಿದ್ರೆ ಬೇಡ ಅಂತಿದ್ದೆ, ದಿನಾ ಎತ್ಕೊಂಡು ಕೂರೋಕೆ ಒಂದು ಜೀವ ಇರ್ತಿತ್ತು. ನೀನು ಒಬ್ಳೇ ಇದ್ದೀಯ" ಅಂದಳು. ಆಮೇಲೆ, "ಅಳ್ಬೇಡ, ಹಾಲು ಕೆಡುತ್ತೆ" ಅಂದಳು. ಗಂಡ ಕಾರು ಸ್ಟಾರ್ಟ್ ಮಾಡಿದರು.

ಬೇಡ ಅಂತ ನಾವು ಯಾವತ್ತೂ ತೀರ್ಮಾನ ಮಾಡಲಿಲ್ಲ. ಹಾಕಿಸುತ್ತೇವೆ ಅಂತ ಹೇಳಲಿಲ್ಲ, ಅಷ್ಟೆ. ಖರ್ಚಿನ ಪಟ್ಟಿ ಇಮೇಲಿನಲ್ಲಿ ಹಾಗೇ ಉಳಿಯಿತು. ಎರಡು ವಾರ ಕಳೆಯಿತು. ಅಮ್ಮನ ಮಾತು ಮಾತ್ರ ಇವರಿಗೆ ಎಲ್ಲೋ ತಾಕಿತ್ತು ಅನ್ನಿಸುತ್ತದೆ. ಆಫೀಸಿಗೆ ಹೇಳಿ ಶುಕ್ರವಾರ ಮನೆಯಲ್ಲಿರಲು ಶುರು ಮಾಡಿದರು. ಅವತ್ತೆಲ್ಲ ಮಗು ಅವರ ಎದೆಗೆ ಕಟ್ಟಿದ ಜೋಲಿಯಲ್ಲೇ. ಬೋರಲು ಬೀಳುವುದನ್ನು ಅವನೇ ಕಲಿತ. ಕಲಿತ ಮೇಲೆ ನಾವು ಅಂಗಾತ ಮಲಗಿಸಿದರೂ ಮಗುಚಿಕೊಂಡು ತನಗೆ ಬೇಕಾದ ಹಾಗೆ ಮಲಗುತ್ತಿದ್ದ.

ಜೂನ್ ಕೊನೆಯಲ್ಲಿ ಮತ್ತೆ ಅದೇ ಕೇಂದ್ರಕ್ಕೆ ಹೋಗಿ ಅಳೆಸಿದೆವು. 142, 134. ಎಂಟು ಮಿಲಿಮೀಟರ್ ವ್ಯತ್ಯಾಸ, ಶೇಕಡಾ ಐದೂವರೆ ಚಿಲ್ಲರೆ. ಸೌಮ್ಯಕ್ಕೆ ಇಳಿದಿದ್ದ. ಕಮ್ಮಿಯಾದದ್ದು ಒಂದೇ ಒಂದು ಮಿಲಿಮೀಟರ್. ಅವತ್ತು ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ನಮ್ಮ ಫಿಸಿಯೋ ಹತ್ತಿರ ಬರುತ್ತಿದ್ದ ಇನ್ನೊಂದು ಮಗುವಿನ ಓರೆ ಬಹಳ ಜಾಸ್ತಿ ಇತ್ತು. ಅವರು ಹೆಲ್ಮೆಟ್ ಹಾಕಿಸಿದರು. ಅವರ ಜಾಗದಲ್ಲಿದ್ದರೆ ನಾನೂ ಹಾಕಿಸುತ್ತಿದ್ದೆ. ಅಕ್ಕ ಈಗಲೂ ನಾವು ದುಡ್ಡಿಗೆ ಹಿಂದೆಮುಂದೆ ನೋಡಿದೆವು ಅಂತಲೇ ತಿಳಿದಿದ್ದಾಳೆ.

ಹನ್ನೊಂದನೇ ತಿಂಗಳಲ್ಲಿ ಮುಡಿ ಕೊಡಲು ನಂಜನಗೂಡಿಗೆ ಹೋದೆವು. ಹರಕೆ ಅತ್ತೆಯದು. ನನಗೆ ಒಳಗೊಳಗೇ ಅಳುಕು. ಇಷ್ಟು ದಿನ ಗುಂಗುರು ಕೂದಲು ಮುಚ್ಚಿಟ್ಟಿದ್ದು ಈಗ ನಾಕು ಜನರ ಎದುರು ಬಯಲಾಗುತ್ತದಲ್ಲ ಅಂತ. ಕಪಿಲಾ ನದಿ ಹತ್ತಿರ ಇವರ ತೊಡೆಯ ಮೇಲೆ ಕೂರಿಸಿಕೊಂಡು ತಲೆ ಬಗ್ಗಿಸಿ ಹಿಡಿದೆವು. ಅವನು ಊರಿಗೇ ಕೇಳುವ ಹಾಗೆ ಅತ್ತ. ಮುಡಿ ತೆಗೆಯುವವರಿಗೆ ವಯಸ್ಸಾಗಿತ್ತು. ಎಡಗಡೆ ನಿಧಾನಕ್ಕೆ ಕೆರೆದು, ಬಲಗಡೆ ಬಂದಾಗ ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದರು. ನನ್ನ ಉಸಿರು ನಿಂತಿತು.

"ಈ ಮಗ್ಗುಲು ಒಸಿ ಮಟ್ಟಸ ಐತೆ ಕಣವ್ವ. ಬ್ಲೇಡು ಸಲೀಸಾಗಿ ಹೋಯ್ತದೆ" ಅಂದು, ಎರಡೇ ಎಳೆತಕ್ಕೆ ಮುಗಿಸಿದರು.

ಸ್ನಾನ ಮಾಡಿಸಿ ತಂದಾಗ ಅಮ್ಮ ಬಟ್ಟಲಲ್ಲಿ ಗಂಧ ಹಿಡಿದು ಕಾಯುತ್ತಿದ್ದಳು. ತಲೆಗೆಲ್ಲ ತೆಳ್ಳಗೆ ಸವರಿದಳು. ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿದಳು. ಆಮೇಲೆ ಬಟ್ಟಲಲ್ಲಿ ಉಳಿದಿದ್ದ ಗಂಧವನ್ನೆಲ್ಲ ಬಳಿದು ಬಲಗಡೆಗೆ ದಪ್ಪಗೆ ಮೆತ್ತಿದಳು.