ಮಗನಿಗೆ ಫ್ರಾಟರ್ನಿಟಿಯಿಂದ ಕರೆ ಬಂದಾಗ

ಕಳೆದ ತಿಂಗಳು ಒಂದು ಮುಂಜಾನೆ ಧಾರವಾಡದ ಸಪ್ತಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ, ಅಮೆರಿಕದಲ್ಲಿ ಪದವಿ ಓದುತ್ತಿರುವ ಮಗ ಫೋನ್ ಮಾಡಿ, "ಅಪ್ಪಾ, ನನಗ ಒಂದು ಫ್ರಾಟರ್ನಿಟಿಯಿಂದ ಬಿಡ್ ಬಂದೈತಿ, ಸೇರಲೇನು?" ಎಂದು ಕೇಳಿದ. ಎರಡು ದಿನ ತಡೆಯಲು ಹೇಳಿ, ಆ ಎರಡು ದಿನಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಹುಬ್ಬಳ್ಳಿ-ಧಾರವಾಡದಿಂದ ಪಿಯುಸಿ ಮುಗಿಸಿದ ಕೂಡಲೇ ಮಕ್ಕಳನ್ನು ಅಲ್ಲಿಗೆ ಕಳಿಸುವ ಮನೆಗಳೂ ಈಗ ಇರುವುದರಿಂದ, ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಂ.ಎಸ್. ಓದಲು ಹೋಗುವವರಿಗೆ ಇದು ಬಹುಮಟ್ಟಿಗೆ ಅನ್ವಯಿಸುವುದಿಲ್ಲ.

ಬಿಡ್ ಎಂದರೆ ಸಂಘದಿಂದ ಬರುವ ಆಹ್ವಾನ. ಫ್ರಾಟರ್ನಿಟಿ ಕಾಲೇಜು ಓದುವ ಗಂಡುಮಕ್ಕಳ ಸಂಘ, ಸೊರೊರಿಟಿ ಹೆಣ್ಣುಮಕ್ಕಳದು. ಹೆಚ್ಚಿನವಕ್ಕೆ ಗ್ರೀಕ್ ಅಕ್ಷರಗಳ ಹೆಸರಿದೆ. ಈ ಪದ್ಧತಿಯ ಮೂಲವನ್ನು 1776ರಲ್ಲಿ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾದಲ್ಲಿ ಗುರುತಿಸುತ್ತಾರೆ. ಅದು ಇಂದು ಪ್ರತಿಭಾವಂತರನ್ನು ಗೌರವಿಸುವ ಸಂಸ್ಥೆಯಾಗಿ ಉಳಿದಿದೆ. ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿಗಳೂ 1998ರಲ್ಲಿ ಟೆಕ್ಸಾಸ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಡೆಲ್ಟಾ ಫೈ ಒಮೆಗಾ ಎಂಬ ತಮ್ಮವೇ ಸಂಘಗಳನ್ನು ಕಟ್ಟಿಕೊಂಡರು. ಇಂಥ ನಂಟು ನಮಗೇನೂ ಹೊಸದಲ್ಲ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಓದಿದವರು ತಲೆ ನರೆತ ಮೇಲೂ ಒಬ್ಬರ ಮಕ್ಕಳ ನೌಕರಿಗೆ ಇನ್ನೊಬ್ಬರು ಓಡಾಡುವುದನ್ನು ಕಂಡಿದ್ದೇನೆ. ಮಗನಿಗೆ ಪರದೇಶದಲ್ಲಿ ಅಂಥ ನಾಲ್ಕು ಜನ ಸಿಗುವುದಾದರೆ ನಾನು ಅಡ್ಡ ಬರುವವನಲ್ಲ. ಆದರೆ ಅಲ್ಲಿ ಯಾರನ್ನು ಸೇರಿಸಿಕೊಳ್ಳಬೇಕೆಂಬುದನ್ನು ಹಳಬರೇ ನಿರ್ಧರಿಸುತ್ತಾರೆ, ಮತ್ತು ಬಿಡ್ ಒಪ್ಪಿದ ದಿನದಿಂದ ದೀಕ್ಷೆಯಂಥ ಇನಿಷಿಯೇಷನ್‌ವರೆಗೆ ಕೆಲವು ವಾರಗಳನ್ನು ಹೊಸಬರು ಪ್ಲೆಜ್ ಎನ್ನಿಸಿಕೊಂಡು ಕಳೆಯಬೇಕು.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಸಂಘದ ವಂತಿಗೆ ಸಾಮಾನ್ಯವಾಗಿ ಕಾಲೇಜಿನ ಫೀಯಲ್ಲಿ ಸೇರಿರುವುದಿಲ್ಲ, ಮತ್ತು ಕೆಲವು ಸಂಘಗಳಲ್ಲಿ ಒಂದು ವರ್ಷವಾದರೂ ಸದಸ್ಯರು ಒಟ್ಟಿಗೆ ವಾಸಿಸುವ ಸಂಘದ ಮನೆಯಲ್ಲೇ ಇರಬೇಕೆಂಬ ಕರಾರು ಇರುತ್ತದೆ. ಇವೆರಡನ್ನೂ ಸಹಿಗೆ ಮುಂಚೆ ಬರಹದಲ್ಲಿ ಕೇಳಿ ಪಡೆಯಬೇಕು.

ನನ್ನ ಚಿಂತೆಯೆಲ್ಲ ಆ ಪ್ಲೆಜ್ ವಾರಗಳದ್ದು. ಹೊಸಬರನ್ನು ಸತಾಯಿಸುವುದಕ್ಕೆ ಅಲ್ಲಿ ಹೇಜಿಂಗ್ ಎನ್ನುತ್ತಾರೆ. ನಾವು ರ‍್ಯಾಗಿಂಗ್ ಎನ್ನುತ್ತೇವೆ. ನಾನು ಓದಿದ ಹಾಸ್ಟೆಲಿನಲ್ಲಿ ರಾತ್ರಿ ಹನ್ನೆರಡಕ್ಕೆ ಎಬ್ಬಿಸಿ, ಬನಿಯನ್ ಮೇಲೆಯೇ ಪಡಸಾಲೆಯಲ್ಲಿ ನಿಲ್ಲಿಸಿ, ಹಿರಿಯ ವಿದ್ಯಾರ್ಥಿಗಳ ಹೆಸರನ್ನೆಲ್ಲ ಒಪ್ಪಿಸಲು ಹಚ್ಚುತ್ತಿದ್ದರು. ತಪ್ಪಿದರೆ ಮತ್ತೆ ಮೊದಲಿನಿಂದ. ಆ ವಾರವೇ ನಮ್ಮಪ್ಪ ಊರಿನಿಂದ ಬುತ್ತಿಗಂಟು ತಂದಿದ್ದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ನನ್ನ ಕೈಗೆ ಕೊಟ್ಟು, ಮುಖ ನೋಡಿ, "ಯಾಕೋ, ನಿದ್ದಿ ಇಲ್ಲೇನು?" ಎಂದರು. "ಎಲ್ಲಾ ಬರೋಬ್ಬರಿ ಐತ್ರಿ ಅಪ್ಪಾ" ಎಂದೆ. ಅವರು ಕೊನೆಯವರೆಗೂ ಅದನ್ನೇ ನಂಬಿದರು. ನನಗೆ ಹಿರಿಯರ ಭಯಕ್ಕಿಂತ ಹೆಚ್ಚಾಗಿ, ಹೇಳಿದರೆ ಅಪ್ಪ ಓದು ಬಿಡಿಸಿ ಕರೆದೊಯ್ಯುತ್ತಾರೆಂಬ ಭಯವಿತ್ತು.

ಅಮೆರಿಕದಲ್ಲಿ ಇದಕ್ಕೆ ಮದ್ಯವೂ ಸೇರಿಕೊಳ್ಳುತ್ತದೆ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ 19 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ ಟಿಮೊತಿ ಪಿಯಾಜ್ಜಾ, ಫ್ರಾಟರ್ನಿಟಿ ಸೇರಿದ ರಾತ್ರಿ ಮಿತಿಮೀರಿ ಕುಡಿಸಿದ್ದರಿಂದ ಮೆಟ್ಟಿಲ ಮೇಲಿಂದ ಬಿದ್ದ. ಸುತ್ತ ಅಷ್ಟೊಂದು ಹುಡುಗರಿದ್ದರೂ ಆಂಬುಲೆನ್ಸಿಗೆ ಫೋನ್ ಹೋದದ್ದು ಸುಮಾರು 12 ತಾಸುಗಳ ಮೇಲೆ. ಆತ ಉಳಿಯಲಿಲ್ಲ. ಮರುವರ್ಷ ಆ ರಾಜ್ಯ ಅವನ ಹೆಸರಿನಲ್ಲೇ ಹೇಜಿಂಗ್ ವಿರೋಧಿ ಕಾನೂನು ತಂದಿತು. ಆ 12 ತಾಸುಗಳನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪೊಲೀಸರು ಬಂದಾರು, ಸಂಘ ಮುಚ್ಚೀತು ಎಂಬ ಅಂಜಿಕೆ ಅಂಥ ಹೊತ್ತಿನಲ್ಲಿ ಮಕ್ಕಳ ಕೈ ಕಟ್ಟಿಹಾಕುತ್ತದೆ. 21 ವರ್ಷದೊಳಗಿನವರಿಗೆ ಅಲ್ಲಿ ಮದ್ಯ ಮಾರುವುದು ನಿಷಿದ್ಧ, ಮತ್ತು ಪೊಲೀಸ್ ಪ್ರಕರಣವಾದರೆ ನಮ್ಮ ಮಕ್ಕಳ ವೀಸಾಕ್ಕೂ ತೊಂದರೆಯಾಗಬಹುದು. ಹಾಗಿದ್ದರೂ ಜೀವಾಪಾಯದಲ್ಲಿ ನೆರವು ಕೇಳಿ 911ಕ್ಕೆ ಕರೆ ಮಾಡಿದವರನ್ನು ಕುಡಿತದ ಆರೋಪದಿಂದ ರಕ್ಷಿಸುವ ಕಾನೂನು ಅಲ್ಲಿನ ಅನೇಕ ರಾಜ್ಯಗಳಲ್ಲಿದೆ. ಇದನ್ನು ಮಗನಿಗೆ ಮೂರು ಸಲ ಹೇಳಿದೆ.

ನಮ್ಮಲ್ಲಿ ಯುಜಿಸಿಯ 2009ರ ನಿಯಮದಂತೆ ಪಾಲಕರೂ ರ‍್ಯಾಗಿಂಗ್ ವಿರೋಧಿ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತೇವೆ. ಅಲ್ಲಿ ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ದಾಖಲೆಗಳ ಹಕ್ಕು ಅವನದೇ. ಅಪ್ಪ ಅವ್ವ ಕೇಳಿದರೆಂದು ಕಾಲೇಜು ಕೊಡಬೇಕಾಗಿಲ್ಲ. ಆದರೆ 2024ರ ಡಿಸೆಂಬರಿನಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ, ಹೇಜಿಂಗ್ ನಿಯಮ ಮುರಿದದ್ದು ಸಾಬೀತಾದ ಸಂಘಗಳ ಹೆಸರನ್ನು ಕಾಲೇಜು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ನಾವು ಇಲ್ಲಿ ಕುಳಿತೇ ಅದನ್ನು ನೋಡಬಹುದು. ನಾನು ನೋಡಿದೆ, ಮಗ ಹೇಳಿದ ಸಂಘದ ಹೆಸರು ಅದರಲ್ಲಿ ಇರಲಿಲ್ಲ.

ಮೂರನೆಯ ದಿನ ಒಪ್ಪಿಗೆ ಕೊಟ್ಟೆ. ಇನಿಷಿಯೇಷನ್ ಆಗುವವರೆಗೆ ಯಾವ ಗಳಿಗೆಯಲ್ಲಾದರೂ ಬಿಟ್ಟು ಬರಬಹುದು, ಕಟ್ಟಿದ ಹಣ ಹೋದರೆ ಹೋಗಲಿ ಎಂದೆ. ನಮ್ಮಪ್ಪನಿಗೆ ನಾನು ಹೇಳಿದ ಸುಳ್ಳನ್ನೂ ಅಂದು ಮೊದಲ ಸಲ ಅವನಿಗೆ ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, "ನೀವು ಸಿಟ್ಟಾಗಂಗಿಲ್ಲಂದ್ರ ನಾ ಎಲ್ಲಾ ಹೇಳತೇನ್ರಿ" ಎಂದ. ಸಿಟ್ಟಾಗುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಈಗ ನಾಲ್ಕನೆಯ ವಾರ ನಡೆದಿದೆ. ಎಂದೂ ದಿಂಬಿನ ಪಕ್ಕ ಫೋನ್ ಇಟ್ಟುಕೊಳ್ಳದ ನಾನು ಈಗ ಅದರ ಸದ್ದು ಏರಿಸಿಟ್ಟು ಮಲಗುತ್ತಿದ್ದೇನೆ.